ಪೈಪಿನೊಳಗೆ ಉಳಿದ ನೀರು

ಆ ಬೇಸಿಗೆಯಲ್ಲಿ ಚೆನ್ನೈನಲ್ಲಿ ನಾಲ್ಕು ಜನರ ಕಣ್ಣೆದುರು ಒಂದು ಬಕೆಟ್ ನೀರನ್ನು ಚರಂಡಿಗೆ ಸುರಿಯಲೂ ಧೈರ್ಯ ಬೇಕಿತ್ತು. ನಾನು ಇಡೀ ಒಂದು ಪೈಪ್‌ಲೈನಿನ ನೀರನ್ನು ಸುರಿಯಬೇಕಾಗಿತ್ತು.

ಎರಡು ಸಾವಿರದ ಮೂರನೆಯ ಇಸವಿ. ನಗರಕ್ಕೆ ನೀರು ಕೊಡುವ ಕೆರೆಗಳು ಬತ್ತಿದ್ದವು. ಕ್ರೋಂಪೇಟೆ ದಾಟಿ ಇನ್ನಷ್ಟು ದಕ್ಷಿಣಕ್ಕೆ ಹೋದರೆ ಒಂದು ಧರ್ಮಾಸ್ಪತ್ರೆ. ಅದರ ಹಿಂಭಾಗದಲ್ಲಿ, ಬೋರ್‌ವೆಲ್ಲಿನ ಉಪ್ಪುನೀರನ್ನು ಕುಡಿಯುವ ನೀರಾಗಿಸುವ ಪ್ಲಾಂಟನ್ನು ನಮ್ಮ ಕಂಪನಿ ಕಟ್ಟುತ್ತಿತ್ತು. ಹೆರಿಗೆ ವಾರ್ಡು, ಮಕ್ಕಳ ವಾರ್ಡು, ಆಪರೇಷನ್ ಥಿಯೇಟರು ಎಲ್ಲವೂ ಟ್ಯಾಂಕರ್ ಲಾರಿಯ ದಾರಿ ಕಾಯುತ್ತಿದ್ದವು. ಸೈಟಿನ ಜವಾಬ್ದಾರಿ ನನ್ನದು.

ಪೈಪುಗಳೆಲ್ಲ ಸ್ಟೇನ್‌ಲೆಸ್ ಸ್ಟೀಲಿನವು. ಮೂರು ಭಾಗಗಳಾಗಿ ಜೋಡಿಸುತ್ತಿದ್ದೆವು. ಮೊದಲನೆಯದು ಫಿಲ್ಟರಿನಿಂದ ಉಪ್ಪು ತೆಗೆಯುವ ಯಂತ್ರದವರೆಗೆ, ಎರಡನೆಯದು ಅಲ್ಲಿಂದ ಶೇಖರಣೆಯ ತೊಟ್ಟಿಯವರೆಗೆ, ಮೂರನೆಯದು ತೊಟ್ಟಿಯಿಂದ ಆಸ್ಪತ್ರೆಯ ಕಟ್ಟಡಕ್ಕೆ. ಒಂದೊಂದು ಭಾಗದ ವೆಲ್ಡಿಂಗ್ ಮುಗಿದ ಮೇಲೂ ಅದಕ್ಕೆ ನೀರು ತುಂಬಿಸಿ, ಎರಡೂ ತುದಿ ಮುಚ್ಚಿ, ಪಂಪಿನಿಂದ ಒತ್ತಡ ಏರಿಸಬೇಕು. ಗೇಜಿನ ಮುಳ್ಳು ಒಂದು ಗಂಟೆ ಅಲುಗದೆ ನಿಂತರೆ ಆ ಭಾಗ ಪಾಸು. ಆಮೇಲೆ ನೀರನ್ನೆಲ್ಲ ಹೊರಬಿಟ್ಟು, ಒಳ್ಳೆಯ ನೀರಿನಿಂದ ತೊಳೆದು, ಗಾಳಿ ಊದಿ ಒಣಗಿಸಬೇಕು. ಇದು ನಮ್ಮ ಕೆಲಸದ ನಿಯಮಪಟ್ಟಿಯ ಕೊನೆಯ ಮೂರು ಸಾಲು.

ಮೊದಲ ಭಾಗದ ಪರೀಕ್ಷೆ ಮುಗಿದ ಮಧ್ಯಾಹ್ನ ಡ್ರೈನ್ ವಾಲ್ವ್ ತೆಗೆಸಿದೆ. ನೀರು ಕಾಂಪೌಂಡಿನ ಹೊರಗಿನ ಕಾಲುವೆಗೆ ಧುಮ್ಮಿಕ್ಕುವ ಸದ್ದು ಕೇಳಿದ್ದೇ ತಡ, ಪಕ್ಕದ ಗುಡಿಸಲುಗಳಿಂದ ಹೆಂಗಸರು ಪ್ಲಾಸ್ಟಿಕ್ ಕೊಡಗಳನ್ನು ಹಿಡಿದು ಓಡಿ ಬಂದರು. ಅದು ಉಪ್ಪುನೀರು, ಕುಡಿಯಲಾಗದು ಎಂದು ವಾಚ್‌ಮನ್ ಕೂಗಿದ. "ತುಣಿ ತೊವೈಕ್ಕಲಾಮ್ ಇಲ್ಲೆ?" ಎಂದಳು ಒಬ್ಬಾಕೆ. ಬಟ್ಟೆಯಾದರೂ ಒಗೆಯಬಹುದಲ್ಲ ಎಂದು. ಅವರು ತುಂಬಿಕೊಂಡದ್ದು ಹತ್ತರಲ್ಲಿ ಒಂದು ಪಾಲು. ಉಳಿದದ್ದು ಕೆಸರಾಗಿ ಹರಿದು ಹೋಯಿತು. ಅವರು ಅದನ್ನು ನೋಡುತ್ತಾ ನಿಂತಿದ್ದರು. ನಾನೂ ನೋಡುತ್ತಾ ನಿಂತಿದ್ದೆ.

ಹದಿನೈದು ದಿನಗಳ ನಂತರ ಎರಡನೆಯ ಭಾಗದ ಸರದಿ. ಅಷ್ಟರಲ್ಲಿ ಬೋರ್‌ವೆಲ್ ಇಳಿದುಹೋಗಿತ್ತು. ದಿನಕ್ಕೆ ಒಂದು ಗಂಟೆ ನೀರೆತ್ತಿದರೆ ಮೋಟರು ಗಾಳಿ ಎಳೆಯತೊಡಗುತ್ತಿತ್ತು. ಪೈಪು ತುಂಬಿಸಲು ಎರಡು ದಿನ ಹಿಡಿಯಿತು. ಪರೀಕ್ಷೆ ಪಾಸಾಯಿತು. ಪೈಪು ಜೋಡಿಸುವ ಫಿಟ್ಟರ್ ಡ್ರೈನ್ ವಾಲ್ವಿನ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದ.

"ಬೇಡ. ಒಳಗೇ ಇರಲಿ," ಎಂದೆ. "ಇನ್ನೊಂದು ವಾರದಲ್ಲಿ ಮೂರನೆಯ ಭಾಗದ ಟೆಸ್ಟ್ ಇದೆ. ಇದೇ ನೀರನ್ನು ಅದಕ್ಕೆ ಹಾಯಿಸೋಣ."

ವೆಲ್ಡರ್ ಅಲ್ಲೇ ತಮ್ಮ ಕೇಬಲ್ ಸುತ್ತುತ್ತಿದ್ದರು. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ವ್ಯಾಸರ್ಪಾಡಿ ಕಡೆಯವರು. ಹಾಲಿನ ಡೈರಿಗಳ ಸ್ಟೀಲ್ ಪೈಪುಗಳ ಕೆಲಸದಲ್ಲಿ ಪಳಗಿದವರು. ಆ ಮೂರು ಭಾಗಗಳ ಪ್ರತಿಯೊಂದು ಜಾಯಿಂಟೂ ಅವರ ಕೈಯದೇ.

"ಸಾರ್, ಡೈರಿಯಲ್ಲಿ ಟೆಸ್ಟ್ ಮುಗಿದ ದಿನವೇ ನೀರು ತೆಗೆದುಬಿಡುತ್ತಿದ್ದೆವು," ಎಂದರು ತಮಿಳಿನಲ್ಲಿ.

"ಡೈರಿಯಲ್ಲಿ ಹಾಲು ಹುಳಿಯಾಗುತ್ತದೆ, ಅದಕ್ಕೆ. ಇಲ್ಲಿ ಬರೀ ನೀರು ತಾನೇ?" ಎಂದೆ. ಅವರು ಕೇಬಲ್ ಹೆಗಲಿಗೆ ಹಾಕಿಕೊಂಡು ಹೋದರು. ನನಗೆ ಒಳಗೊಳಗೇ ಒಂದು ಸಮಾಧಾನವಿತ್ತು. ಇಂಥ ವರ್ಷದಲ್ಲಿ ಅಷ್ಟು ನೀರು ಉಳಿಸಿದೆ ಎಂಬ ಸಮಾಧಾನ.

ಒಂದು ವಾರ ಎಂದದ್ದು ನಾಲ್ಕು ತಿಂಗಳಾಯಿತು. ಮೂರನೆಯ ಭಾಗಕ್ಕೆ ಜೋಡಿಸಲು ಹೊರದೇಶದಿಂದ ಬರಬೇಕಿದ್ದ ಪಂಪು ಬಂದರಿನಲ್ಲಿ ಸಿಕ್ಕಿಕೊಂಡು ಆ ಭಾಗದ ಕೆಲಸ ನಿಂತಿತು. ಕಾಗದಪತ್ರದಲ್ಲಿ ಏನೋ ಕೊರತೆ. ನನ್ನನ್ನು ಬೇರೆ ಸೈಟಿಗೆ ಹಾಕಿದರು. ಎರಡನೆಯ ಭಾಗದ ಪೈಪು ಎರಡೂ ತುದಿ ಮುಚ್ಚಿಕೊಂಡು, ಹೊಟ್ಟೆ ತುಂಬ ನೀರಿಟ್ಟುಕೊಂಡು, ಬಿಸಿಲಿನಲ್ಲಿ ಮಲಗಿತ್ತು. ಅದರ ನೆನಪು ನನಗೆ ಒಂದು ದಿನವೂ ಬರಲಿಲ್ಲ.

ಪಂಪು ಬಂತು, ನಾನೂ ಸೈಟಿಗೆ ಮರಳಿದೆ. ಹೇಳಿದಂತೆಯೇ ಆ ನೀರನ್ನು ಮೂರನೆಯ ಭಾಗಕ್ಕೆ ಹಾಯಿಸಿ ಪರೀಕ್ಷೆ ಮಾಡಿದೆವು. ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಕೊಳೆತ ಮೊಟ್ಟೆಯ ವಾಸನೆ. ಬೋರ್ ನೀರು, ಹಳೆಯದಾಗಿದೆ, ಅಷ್ಟೇ ಅಂದುಕೊಂಡೆ. ಸಂಜೆಯೊಳಗೆ ಎಲ್ಲವನ್ನೂ ಹೊರಬಿಟ್ಟು ತೊಳೆಸಿದೆ. ಪ್ಲಾಂಟು ಶುರುವಾಯಿತು. ಆಸ್ಪತ್ರೆಯ ಮೇಟ್ರನ್ ಮೊದಲ ಲೋಟ ಕುಡಿದು ಇನ್ನೊಂದು ಲೋಟ ಹಿಡಿದುಕೊಂಡರು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಐದನೆಯ ದಿನ ಬೆಳಿಗ್ಗೆ ಎರಡನೆಯ ಭಾಗದ ಒಂದು ಜಾಯಿಂಟಿನ ಕೆಳಗೆ ಒಂದು ಹನಿ ಕಂಡಿತು.

ಬಟ್ಟೆಯಿಂದ ಒರೆಸಿದೆ. ಗಡಿಯಾರ ನೋಡುತ್ತಾ ನಿಂತೆ. ಎರಡು ನಿಮಿಷಕ್ಕೆ ಮತ್ತೊಂದು ಹನಿ. ಹನಿ ಇಳಿದ ದಾರಿಯಲ್ಲಿ ಕಂದುಬಣ್ಣದ ಗೆರೆ. ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ತುಕ್ಕಿನ ಗೆರೆ ಕಾಣಲೇಬಾರದು. ಪ್ಲಾಂಟು ನಿಲ್ಲಿಸಿ, ಆ ಜಾಗವನ್ನು ಉಜ್ಜಿ, ಮತ್ತೆ ವೆಲ್ಡ್ ಮಾಡಿಸಿ ಶುರು ಮಾಡಿದೆವು. ಮರುದಿನ ಮುಂದಿನ ಜಾಯಿಂಟಿನಲ್ಲಿ ಹನಿ. ಎರಡು ವಾರದಲ್ಲಿ ಒಂಬತ್ತು ಜಾಯಿಂಟುಗಳು ಸೋರಿದವು. ಆಸ್ಪತ್ರೆ ಮತ್ತೆ ಟ್ಯಾಂಕರ್ ಲಾರಿಗೆ ಫೋನ್ ಮಾಡತೊಡಗಿತು.

ಸೋರುವುದು ಜಾಯಿಂಟಿನಲ್ಲಿ. ಜಾಯಿಂಟು ಮಾಡಿದವರು ಒಬ್ಬರೇ. ಆಸ್ಪತ್ರೆಯ ಎಂಜಿನಿಯರಿಗೆ ಇದಕ್ಕಿಂತ ಹೆಚ್ಚು ವಿಚಾರ ಬೇಕಿರಲಿಲ್ಲ. ನನಗೂ ಬೇಕೆನಿಸಲಿಲ್ಲ. ವೆಲ್ಡರನ್ನು ಕರೆಸಿದಾಗ ಅವರು ಜಾಯಿಂಟಿನ ಕೆಳಗೆ ಅಂಗಾತ ಮಲಗಿ, ಟಾರ್ಚ್ ಹಿಡಿದು ಬಹಳ ಹೊತ್ತು ನೋಡಿದರು. ಎದ್ದು ಬಂದು ಶರ್ಟಿನ ಧೂಳು ಕೊಡವಿಕೊಂಡರು.

"ಇದು ಎನ್ ವೇಲೆ ಇಲ್ಲೆ ಸಾರ್," ಎಂದರು. ಇದು ನನ್ನ ಕೆಲಸ ಅಲ್ಲ. "ತೂತು ವೆಲ್ಡಿನಲ್ಲಿಲ್ಲ. ವೆಲ್ಡಿನ ಪಕ್ಕದಲ್ಲಿದೆ."

"ಪಕ್ಕ ಅಂದರೂ ನಿನ್ನ ಬೆಂಕಿ ತಾಗಿದ ಜಾಗವೇ ಅಲ್ಲವೇನಯ್ಯಾ?" ಎಂದರು ಆಸ್ಪತ್ರೆಯ ಎಂಜಿನಿಯರ್.

ವೆಲ್ಡರ್ ನನ್ನ ಕಡೆ ನೋಡಿದರು. ನಾನು ಗೇಜಿನ ಕಡೆ ನೋಡಿದೆ.

ಎರಡು ದಿನಗಳಲ್ಲಿ ಗೇಟಿನ ಬೋರ್ಡಿನ ಮೇಲೆ, ಆಸ್ಪತ್ರೆಯ ಆಫೀಸಿನವರು ತಮಿಳಿನಲ್ಲಿ ಬರೆದ ಒಂದು ನೋಟೀಸು ಬಿತ್ತು. ಕಳಪೆ ಕೆಲಸದ ಕಾರಣ ಈ ವೆಲ್ಡರನ್ನು ಒಳಗೆ ಬಿಡಬಾರದು ಎಂದು, ಮೇಲೆ ಅವರ ಗೇಟ್‌ಪಾಸಿನ ಫೋಟೋ, ಕೆಳಗೆ ನನ್ನ ಸಹಿ. ವೆಲ್ಡರುಗಳ ಲೋಕ ಚಿಕ್ಕದು. ವಾರ ಕಳೆಯುವಷ್ಟರಲ್ಲಿ, ಅವರು ಒಪ್ಪಿಕೊಂಡಿದ್ದ ಡೈರಿ ಕೆಲಸವೂ ಕೈತಪ್ಪಿತೆಂದು ಫಿಟ್ಟರ್ ಹೇಳಿದ.

ಹೊಸ ವೆಲ್ಡರ್ ಬಂದ. ಕೆಲಸ ಬಲ್ಲವನೇ. ಅವನು ರಿಪೇರಿ ಮಾಡಿದ ಜಾಯಿಂಟು ನಾಲ್ಕನೆಯ ದಿನ ಮತ್ತೆ ಸೋರಿತು, ಅವನ ವೆಲ್ಡಿನಿಂದ ಒಂದು ಇಂಚು ಆಚೆ. ಆಗ ಮೊದಲ ಬಾರಿಗೆ ನನ್ನ ಮನಸ್ಸಿನಲ್ಲಿ ಅನುಮಾನ ಎದ್ದಿತು.

ಕಪಾಟಿನಿಂದ ಎಕ್ಸ್‌ರೇ ಫಿಲ್ಮುಗಳನ್ನು ತೆಗೆದೆ. ಆಸ್ಪತ್ರೆಯಲ್ಲಿ ಎಲುಬಿಗೆ ತೆಗೆಯುವ ಹಾಗೆ ನಾವು ವೆಲ್ಡಿಗೂ ಎಕ್ಸ್‌ರೇ ತೆಗೆದಿಡುತ್ತೇವೆ. ಒಳಗೆ ಗಾಳಿಗುಳ್ಳೆ, ಬಿರುಕು ಇದ್ದರೆ ಕಪ್ಪಾಗಿ ಕಾಣುತ್ತದೆ. ಒಂಬತ್ತು ಜಾಯಿಂಟುಗಳ ಫಿಲ್ಮನ್ನೂ ಬೆಳಕಿಗೆ ಹಿಡಿದು ನೋಡಿದೆ. ಒಂದು ಚುಕ್ಕೆಯೂ ಇರಲಿಲ್ಲ. ವೆಲ್ಡ್ ಮಾಡಿದ ದಿನ ಆ ಜಾಯಿಂಟುಗಳು ಸರಿಯಾಗಿದ್ದವು. ಕೆಟ್ಟದ್ದು ಆಮೇಲೆ.

ಹಾಗಾದರೆ ಸ್ಟೀಲೇ ಕಳಪೆಯೆ? ಸೋರುತ್ತಿದ್ದ ಜಾಯಿಂಟೊಂದನ್ನು ಎರಡು ಬದಿಗೆ ಗೇಣುದ್ದ ಬಿಟ್ಟು ಕತ್ತರಿಸಿ ತೆಗೆಸಿದೆ. ಕತ್ತರಿಸಿದವನು ಮೂಗು ಮುಚ್ಚಿಕೊಂಡು ಹಿಂದೆ ಸರಿದ. ತುಂಡಿನ ಒಳಗೆ, ಕೆಳಭಾಗದಲ್ಲಿ, ವೆಲ್ಡಿನ ಎರಡೂ ಬದಿಗೆ ಕಂದುಬಣ್ಣದ ಸಣ್ಣ ಸಣ್ಣ ಗುಪ್ಪೆಗಳು ಎದ್ದಿದ್ದವು, ಮೈಮೇಲಿನ ಬೊಕ್ಕೆಗಳ ಹಾಗೆ. ಮುಟ್ಟಿದರೆ ಲೋಳೆ. ಅದನ್ನು ಒದ್ದೆಯಾಗಿಯೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಲೋಕಲ್ ಟ್ರೈನ್ ಹತ್ತಿದೆ. ಎದುರಿಗೆ ಕೂತವರು ಒಮ್ಮೆ ನನ್ನ ಮಡಿಲನ್ನು ನೋಡಿ, ಎದ್ದು ಬಾಗಿಲ ಬಳಿ ಹೋಗಿ ನಿಂತರು.

ಕ್ರೋಂಪೇಟೆ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದ ಕಾಲೇಜೊಂದರಲ್ಲಿ ಲೋಹಶಾಸ್ತ್ರ ಕಲಿಸುವ ಪ್ರಾಧ್ಯಾಪಕಿಯೊಬ್ಬರಿದ್ದರು. ನಮ್ಮ ಕಂಪನಿಗೆ ಆಗಾಗ ಪರೀಕ್ಷೆ ಮಾಡಿಕೊಡುತ್ತಿದ್ದವರು. ಅವರು ತುಂಡನ್ನು ಮೂಸಿ ನೋಡಿದರು. ಮೂರು ದಿನ ಬಿಟ್ಟು ಬರಲು ಹೇಳಿದರು.

ಹೋದಾಗ ಮೇಜಿನ ಮೇಲೆ ತುಂಡು ಸೀಳಿ, ಹೊಳಪು ಕೊಟ್ಟು ಇಡಲಾಗಿತ್ತು.

"ಸ್ಟೀಲ್ ಸರಿಯಾಗಿದೆ," ಎಂದರು. "ನೀವು ಆರ್ಡರ್ ಮಾಡಿದ ಗ್ರೇಡೇ. ಇದನ್ನು ನೋಡಿ."

ಮಸೂರದಲ್ಲಿ ನೋಡಿದೆ. ಪೈಪಿನ ಒಳಮೈಯಲ್ಲಿ ಇದ್ದದ್ದು ಸೂಜಿಮೊನೆಯಷ್ಟು ರಂಧ್ರ. ಅದರ ಕೆಳಗೆ, ಲೋಹದ ದಪ್ಪದೊಳಗೆ, ಹುಣಸೆಬೀಜ ಹಿಡಿಸುವಷ್ಟು ದೊಡ್ಡ ಪೊಳ್ಳು. ಮೇಲೆ ನೋಡಿದರೆ ಪೈಪು ಗಟ್ಟಿ, ಒಳಗೆ ಹುಳ ಕೊರೆದ ಮರದಂತೆ ಟೊಳ್ಳು.

"ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಇರುತ್ತದೆ. ಅದನ್ನು ಕಾಯುವುದು ಆ ಪೊರೆ. ಅದು ಎಲ್ಲಾದರೂ ಹರಿದರೆ ನೀರಿನಲ್ಲಿರುವ ಆಕ್ಸಿಜನ್ನಿನಿಂದ ಮತ್ತೆ ಕಟ್ಟಿಕೊಳ್ಳುತ್ತದೆ. ನೀರು ಹರಿಯುತ್ತಿದ್ದರೆ ತೊಂದರೆ ಕಡಿಮೆ. ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಮನೆ ಕಟ್ಟುತ್ತವೆ. ಆ ಗುಪ್ಪೆಗಳು ಅವುಗಳ ಮನೆ. ಅದರ ಅಡಿಗೆ ಆಕ್ಸಿಜನ್ ಹೋಗುವುದಿಲ್ಲ, ನೀರಿನ ಉಪ್ಪೆಲ್ಲ ಅಲ್ಲಿ ಸೇರಿಕೊಳ್ಳುತ್ತದೆ. ವೆಲ್ಡಿನ ಪಕ್ಕ, ಬಿಸಿಗೆ ಬಣ್ಣ ತಿರುಗಿದ ಜಾಗದಲ್ಲಿ ಪೊರೆ ಮೊದಲೇ ಸ್ವಲ್ಪ ತೆಳು. ಎಂಥ ಒಳ್ಳೆಯ ವೆಲ್ಡರ್ ಮಾಡಿದರೂ ಅಷ್ಟು ಇದ್ದೇ ಇರುತ್ತದೆ. ಅವು ಅಲ್ಲೇ ಕೊರೆಯುತ್ತವೆ." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈಗ ಹೇಳಿ. ಹೈಡ್ರೋ ಟೆಸ್ಟಿನ ನೀರು ಈ ಲೈನಿನಲ್ಲಿ ಎಷ್ಟು ದಿನ ನಿಂತಿತ್ತು?"

ಮನಸ್ಸಿನಲ್ಲೇ ತಿಂಗಳುಗಳನ್ನು ಎಣಿಸಿದೆ.

"ನಾಲ್ಕು ತಿಂಗಳು, ಮೇಡಂ."

"ಯಾರು ಬಿಟ್ಟರು?"

ನೀರು ತುಂಬ ಕಷ್ಟವಾಗಿತ್ತು ಮೇಡಂ, ಎಂದೆ. ಅದು ಅವರು ಕೇಳಿದ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಅವರೂ ಮುಂದೆ ಕೇಳಲಿಲ್ಲ.

ಆದರೂ ನನ್ನೊಳಗೆ ಒಂದು ಆಸೆ ಉಳಿದಿತ್ತು. ಬೇರೆ ಭಾಗಗಳಲ್ಲೂ ಹೀಗೇ ಆಗಿದ್ದರೆ ಕಾರಣ ಬೇರೆಯದಾಗಿರಬಹುದು. ಮರುದಿನ ಮೊದಲ ಭಾಗದ ತುದಿಯಲ್ಲಿ ಬೋಲ್ಟು ಬಿಗಿದ ಬಳೆ, ಅಂದರೆ ಫ್ಲಾಂಜ್, ಬಿಚ್ಚಿಸಿ ತೆರೆದೆ. ಅದೇ ಪೈಪು, ಅದೇ ಬೋರ್ ನೀರು, ಅದೇ ವೆಲ್ಡರು. ಪ್ರತಿ ಜಾಯಿಂಟಿನ ಪಕ್ಕ ಅವರ ಗುರುತಿನ ಸಂಖ್ಯೆ ಏಳು ಎಂದು ಕೊರೆದಿತ್ತು. ಟಾರ್ಚಿನ ಬೆಳಕು ಬಿಟ್ಟು, ಬಾಯಿಗೆ ಕಣ್ಣಿಟ್ಟು ನೋಡಿದೆ. ಒಳಗೆ ಬೆಳ್ಳಿಯ ಲೋಟದಂತೆ ಹೊಳೆಯುತ್ತಿತ್ತು. ಮೂರನೆಯ ಭಾಗವನ್ನೂ ತೆರೆಸಿದೆ. ಅದೂ ಹಾಗೆಯೇ. ಪರೀಕ್ಷೆಯ ದಿನವೇ ನೀರು ತೆಗೆದ ಎರಡು ಭಾಗಗಳು ಗಟ್ಟಿ. ನಾನು ನೀರು ಉಳಿಸಿದ ಭಾಗ ಒಂದೇ ಕೊಳೆತಿತ್ತು.

ಫ್ಲಾಂಜಿನ ಬೋಲ್ಟುಗಳನ್ನು ನಾನೇ ಮತ್ತೆ ಹಾಕಿ ಬಿಗಿದೆ. ಫಿಟ್ಟರ್ ಪಕ್ಕದಲ್ಲಿ ನಿಂತಿದ್ದ. ಅವನಿಗೆ ಎಲ್ಲ ಅರ್ಥವಾಗಿತ್ತು. ಡ್ರೈನ್ ವಾಲ್ವಿನ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದ್ದವನು ಅವನೇ ಅಲ್ಲವೆ?

ನಮ್ಮ ಕಂಪನಿಯ ಆಫೀಸು ಎಗ್ಮೋರಿನಲ್ಲಿ, ಒಂದು ಹೋಟೆಲಿನ ಮೇಲ್ಮಹಡಿಯಲ್ಲಿ. ಯಜಮಾನರು ಉಡುಪಿ ಕಡೆಯವರು. ಕೆಳಗಿನ ಹೋಟೆಲು ಅವರ ತಂದೆ ಶುರು ಮಾಡಿದ್ದು. ಮೈಸೂರಿನಿಂದ ಕೆಲಸ ಹುಡುಕಿಕೊಂಡು ಬಂದ ನನ್ನನ್ನು ಮಗನ ಹಾಗೆ ನೋಡಿಕೊಂಡವರು. ನಾನು ಬರೆದು ತಂದ ವರದಿಯ ಕರಡನ್ನು ಅವರು ಎರಡು ಸಲ ಓದಿದರು. ಕೆಳಗಿನಿಂದ ಬಂದ ಕಾಫಿ ಆರಿತು.

"ಇದನ್ನು ಹೀಗೇ ಕಳಿಸ್ಬೇಕಾ?" ಎಂದು ಕೇಳಿದರು.

"ಹೌದು ಸಾರ್, ಹೀಗೇ ಅಂದುಕೊಂಡಿದ್ದೇನೆ."

"ತೂತು ಬಿದ್ದದ್ದು ವೆಲ್ಡಿನ ಪಕ್ಕದಲ್ಲಿ. ಅದು ಹೌದಲ್ವಾ? ಅಷ್ಟು ಬರೀರಿ, ಸಾಕು. ಸುಳ್ಳೂ ಆಗುದಿಲ್ಲ. ನೀರು ಯಾರು ಬಿಟ್ಟದ್ದು, ಎಷ್ಟು ತಿಂಗಳು ಬಿಟ್ಟದ್ದು, ಅದೆಲ್ಲ ಎಂತಕ್ಕೆ ಮಾರಾಯ್ರೆ? ನಿಮ್ಮ ಹೆಸರೇ ಹಾಳಾಗ್ತದೆ. ಇನ್ನು ಯಾವ ಆಸ್ಪತ್ರೆಯವರು ನಿಮ್ಮನ್ನು ಸೈಟಿಗೆ ಸೇರಿಸ್ತಾರೆ?"

"ವೆಲ್ಡರ್ ಹೆಸರು ಆಗಲೇ ಹಾಳಾಗಿದೆ, ಸಾರ್."

"ಅವ್ರಿಗೆ ಬೇರೆ ಎಲ್ಲಾದ್ರೂ ಕೆಲಸ ಕೊಡ್ಸುವ. ಅದು ನಾನು ನೋಡ್ಕೊಳ್ತೇನೆ." ಕಾಗದವನ್ನು ನನ್ನ ಕಡೆ ತಳ್ಳಿದರು. "ಎರಡು ದಿವಸ ಯೋಚನೆ ಮಾಡಿ. ನಿಮ್ಮ ಒಳ್ಳೇದಕ್ಕೇ ಹೇಳುದು ನಾನು."

ಅವರು ಕೆಟ್ಟವರಾಗಿರಲಿಲ್ಲ. ಆ ಎರಡು ದಿನ ಅವರ ಮಾತು ನನಗೆ ಬಹಳ ರುಚಿಸಿತು ಎಂಬುದನ್ನು ಇಲ್ಲಿ ಬರೆಯಲೇಬೇಕು. ವೆಲ್ಡಿನ ಪಕ್ಕ ರಂಧ್ರಗಳು ಕಂಡುಬಂದಿವೆ. ಆ ಒಂದು ವಾಕ್ಯವನ್ನು ಎಷ್ಟು ಸಲ ಬರೆದು ನೋಡಿದೆನೋ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಅದನ್ನು ಓದಿದವರು ಏನು ಮಾಡುತ್ತಾರೆ? ಸೋರುವ ಜಾಯಿಂಟುಗಳನ್ನಷ್ಟೇ ತೆಗೆದು ಹೊಸದಾಗಿ ವೆಲ್ಡ್ ಮಾಡಿಸುತ್ತಾರೆ. ಇನ್ನೂ ಸೋರದ ಜಾಯಿಂಟುಗಳ ಒಳಗೆ ಎಷ್ಟು ಹುಣಸೆಬೀಜಗಳಿವೆಯೋ, ಅವು ಒಂದೊಂದಾಗಿ, ಯಾವುದೋ ಆಪರೇಷನ್ನಿನ ನಡುವೆ ಬಾಯಿ ಬಿಡುತ್ತವೆ. ಎರಡನೆಯ ಭಾಗವನ್ನು ಪೂರ್ತಿ ಕಿತ್ತು ಹೊಸದು ಹಾಕಬೇಕು. ಕಾರಣ ಹೇಳದೆ ಅದನ್ನು ಒಪ್ಪಿಸಲು ಸಾಧ್ಯವಿರಲಿಲ್ಲ.

ನಮ್ಮ ಮನೆ ವೆಸ್ಟ್ ಮಾಂಬಲಂನ ಒಂದು ಇಕ್ಕಟ್ಟಾದ ಬೀದಿಯಲ್ಲಿತ್ತು. ಎರಡನೆಯ ದಿನ ಬೆಳಿಗ್ಗೆ ನೀರಿನ ಲಾರಿಗೆ ಕಾಯುತ್ತಾ ನಾನೂ ನನ್ನ ಹೆಂಡತಿಯೂ ಕೊಡಗಳ ಸಾಲಿನ ಪಕ್ಕ ನಿಂತಿದ್ದೆವು. ಅವಳು ಅಲ್ಲೇ ಹುಟ್ಟಿ ಬೆಳೆದವಳು. ಅವಳ ತಾತನ ಕಾಲಕ್ಕೇ ಕೋಲಾರದ ಕಡೆಯಿಂದ ಬಂದು ನೆಲೆಸಿದ ಮನೆತನ. ಮಾತಿನಲ್ಲಿ ಅರ್ಧ ತಮಿಳು.

"ಏನಾಚ್ಚು ರೀ? ನಾಲ್ಕು ದಿವಸದಿಂದ ಸರಿಯಾಗಿ ಸಾಪಾಡೇ ಮಾಡ್ತಿಲ್ಲ," ಎಂದಳು.

ಎಲ್ಲ ಹೇಳಿದೆ. ಬೀದಿಯಲ್ಲಿ ನಿಂತು, ಕೊಡಗಳನ್ನು ಕಾಲಿನಿಂದ ಮುಂದಕ್ಕೆ ತಳ್ಳುತ್ತಾ. ವೆಲ್ಡರ್ ಅಂದೇ ಎಚ್ಚರಿಸಿದ್ದರು ಎಂಬುದನ್ನು ಮಾತ್ರ ಕೊನೆಗೆ, ಸಣ್ಣ ದನಿಯಲ್ಲಿ ಹೇಳಿದೆ.

"ನೀರು ಸುಮ್ನೆ ವೇಸ್ಟ್ ಆಗಬಾರದು ಅಂತ ತಾನೇ ಮಾಡಿದ್ದು ನೀವು?"

"ಹೌದು."

"ಹಾಗಾದ್ರೆ ಅದನ್ನೂ ಸೇರಿಸಿ ಬರೀರಿ. ಮಾಡಿದ್ದನ್ನ ಮಾಡಿದ ಹಾಗೇ ಹೇಳೋಕೆ ಯಾಕೆ ಇಷ್ಟು ಯೋಸನೆ?" ಸ್ವಲ್ಪ ತಡೆದು ಕೇಳಿದಳು. "ಆ ಮನುಷ್ಯನ ಮನೇಲಿ ಈಗ ಏನು ನಡೀತಿದೆ ಅಂತ ಹೋಗಿ ನೋಡಿದ್ರಾ?"

ನೋಡಿರಲಿಲ್ಲ. ಅಷ್ಟರಲ್ಲಿ ಲಾರಿ ಬಂತು, ಮಾತು ಅಲ್ಲಿಗೇ ನಿಂತಿತು.

ವರದಿಯನ್ನು ಬರೆದಿದ್ದ ಹಾಗೆಯೇ ಕೊಟ್ಟೆ. ಎರಡನೆಯ ಭಾಗದ ಪರೀಕ್ಷೆಯ ನೀರನ್ನು ಹೊರಬಿಡದೆ ಇರಿಸಲು ನಾನು ಹೇಳಿದೆ, ವೆಲ್ಡರ್ ಇದನ್ನು ಆ ದಿನವೇ ಪ್ರಶ್ನಿಸಿದ್ದರು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ, ವೆಲ್ಡಿಂಗಿನಲ್ಲಿ ದೋಷವಿಲ್ಲ. ಯಜಮಾನರು ಓದದೆ ಸಹಿ ಹಾಕಿದರು. "ಆಯ್ತು. ಈ ಕೆಲಸ ಮುಗಿಯುವವರೆಗೆ ನೀವೇ ಇರಿ. ಆಮೇಲೆ ಸೈಟ್ ಬೇಡ, ಆಫೀಸಿಗೆ ಬನ್ನಿ," ಎಂದರು. ಅದರ ಅರ್ಥ ನನಗೆ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಸಭೆ ನಡೆಯಿತು. ಸೂಪರಿಂಟೆಂಡೆಂಟ್ ಡಾಕ್ಟರು, ಎಂಜಿನಿಯರ್, ಮೇಟ್ರನ್. ನಾನು ಸೀಳಿದ ತುಂಡನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ವಿವರಿಸಿದೆ. ಎಂಜಿನಿಯರ್ ಕೆಂಪಾದರು. ಡಾಕ್ಟರು ತುಂಡನ್ನು ಕೈಯಲ್ಲಿ ಹಿಡಿದು, ಹಲ್ಲಿನ ಹುಳುಕು ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದರು. ಮೇಟ್ರನ್ ಮುಟ್ಟಲಿಲ್ಲ.

"ಮೂರು ಸಲ ಆಪರೇಷನ್ ಮುಂದಕ್ಕೆ ಹಾಕಿದ್ದೇವೆ," ಎಂದರು ಆಕೆ. "ಬಾಣಂತಿಯರಿಗೆ ಬಿಸಿನೀರು ಅಳೆದು ಕೊಡುತ್ತಿದ್ದೇವೆ. ಪೈಪಿನ ಕಥೆ ನನಗೆ ಬೇಡ. ನೀರು ಯಾವತ್ತು?"

"ತೇಪೆ ಹಾಕಿದರೆ ಒಂದು ವಾರ. ಅದು ಮತ್ತೆ ಸೋರುತ್ತದೆ. ಪೂರ್ತಿ ಬದಲಾಯಿಸಿದರೆ ಆರು ವಾರ."

ಆಕೆ ನನ್ನನ್ನೇ ನೋಡುತ್ತಾ ಕುಳಿತರು. ಆ ಆರು ವಾರದ ಒಂದೊಂದು ದಿನವನ್ನೂ ಅವರು ಮನಸ್ಸಿನಲ್ಲಿ ಹಾಸಿಗೆಗಳಿಗೆ ಹಂಚುತ್ತಿದ್ದಾರೆ ಅನ್ನಿಸಿತು. ಕೊನೆಗೆ ಡಾಕ್ಟರು, ಪೂರ್ತಿ ಬದಲಾಯಿಸಿ, ಎಂದರು.

ಅದೇ ಸಂಜೆ ವ್ಯಾಸರ್ಪಾಡಿಗೆ ಹೋದೆ. ವೆಲ್ಡರ್ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಎದ್ದು ನಿಂತರು, ಒಳಗೆ ಕರೆಯಲಿಲ್ಲ. ನಿಂತುಕೊಂಡೇ ನನ್ನ ಅರೆಬರೆ ತಮಿಳಿನಲ್ಲಿ ಎಲ್ಲ ಹೇಳಿದೆ. ತಪ್ಪು ನನ್ನದು, ಹಾಗೆಂದು ಬರೆದುಕೊಟ್ಟಿದ್ದೇನೆ, ಮತ್ತೆ ನೀವೇ ಬಂದು ಕೆಲಸ ಮಾಡಬೇಕು.

ಅವರ ಮುಖದಲ್ಲಿ ಸಂತೋಷ ಕಾಣಲಿಲ್ಲ.

"ಆವತ್ತು ನಾನು ಅಡಿಯಲ್ಲಿ ಮಲಗಿ ನೋಡಿ ಎದ್ದು ಬಂದಾಗ ನಿಮ್ಮ ಮುಖ ನೋಡಿದೆ ಸಾರ್," ಎಂದರು. "ಒಂದು ಮಾತು ಕೇಳಿದ್ದರೆ ಆಗಲೇ ಹೇಳುತ್ತಿದ್ದೆ, ನೀರು ನಿಂತಿತ್ತಲ್ಲ ಅಂತ. ನೀವು ಕೇಳಲಿಲ್ಲ. ಕೇಳದವರಿಗೆ ಎರಡನೆಯ ಸಲ ಹೇಳುವುದು ಹೇಗೆ?" ಆಮೇಲೆ ದನಿ ತಗ್ಗಿಸಿದರು. "ಮಗಳನ್ನು ಕೊಟ್ಟ ಮನೆಯವರು ಆ ಗೇಟಿನ ಮುಂದೆಯೇ ಓಡಾಡುವವರು. ಫೋಟೋ ನೋಡಿದ್ದಾರೆ. ನೀವು ಇಂಗ್ಲಿಷಿನಲ್ಲಿ ಬರೆದು ಆಫೀಸಿನಲ್ಲಿ ಇಟ್ಟ ಕಾಗದ ಅವರ ಕಣ್ಣಿಗೆ ಬೀಳುವುದಿಲ್ಲ. ಆ ನೋಟೀಸು ಇದ್ದ ಜಾಗದಲ್ಲಿ ತಮಿಳಿನಲ್ಲಿ ಬರೆದು ಹಾಕಿ. ಆಮೇಲೆ ಬರುತ್ತೇನೆ."

ನನಗೆ ತಮಿಳು ಮಾತಾಡಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಆಫೀಸಿನಲ್ಲಿ ಯಾರನ್ನಾದರೂ ಕೇಳಬಹುದಿತ್ತು, ಕೇಳಲು ನಾಲಿಗೆ ಏಳಲಿಲ್ಲ. ಭಾನುವಾರ ಬೆಳಿಗ್ಗೆ ಹೆಂಡತಿಯ ಮುಂದೆ ಬಿಳಿಯ ಹಾಳೆ ಇಟ್ಟೆ. ಅವಳು ತಮಿಳು ಮೀಡಿಯಮ್ಮಿನಲ್ಲಿ ಓದಿದವಳು, ಅಕ್ಷರ ದುಂಡಗೆ. ನಾನು ಕನ್ನಡದಲ್ಲಿ ಒಂದೊಂದೇ ವಾಕ್ಯ ಹೇಳಿದೆ, ಅವಳು ತಮಿಳಿನಲ್ಲಿ ಬರೆಯುತ್ತಾ ಹೋದಳು. ಒಂದು ಕಡೆ ನಾನು "ಅಚಾತುರ್ಯ ನಡೆದಿದೆ" ಎಂದೆ. ಅವಳ ಪೆನ್ನು ನಿಂತಿತು.

"ಅಚಾತುರ್ಯ ಅಂದ್ರೆ ಇಲ್ಲಿ ಯಾರಿಗೂ ಪುರಿಯಲ್ಲ ರೀ. ತಪ್ಪು ಅಂತ ಬರೀಲಾ? ತಮಿಳಲ್ಲೂ ತಪ್ಪುನೇ."

"ಬರಿ," ಎಂದೆ.

ಸೋಮವಾರ ಬೆಳಿಗ್ಗೆ ಆ ಹಾಳೆಯನ್ನು ಗೇಟಿನ ಬೋರ್ಡಿಗೆ ನಾನೇ ಪಿನ್ನು ಚುಚ್ಚಿ ಹಾಕಿದೆ. ಡ್ಯೂಟಿಗೆ ಬರುವ ಆಯಾಗಳು, ಆಟೋದವರು, ರೋಗಿಗಳ ಕಡೆಯವರು ನಿಂತು ಓದಿಕೊಂಡು ಹೋದರು. ಕೆಲವರು ಓದಿ ನನ್ನತ್ತ ತಿರುಗಿ ನೋಡಿದರು. ಸಹಿ ಯಾರದೆಂದು ಗೊತ್ತಿದ್ದವರು. ಬುಧವಾರ ವೆಲ್ಡರ್ ಬಂದರು. ಗೇಟಿನ ಬಳಿ ನಿಂತು, ತುಟಿ ಅಲುಗಿಸುತ್ತಾ ಮೊದಲಿನಿಂದ ಕೊನೆಯವರೆಗೆ ಓದಿದರು. ಆಮೇಲೆ ಒಳಗೆ ಬಂದು, ಆರ್ಗಾನ್ ಸಿಲಿಂಡರು ಬಂದಿದೆಯೇ ಎಂದು ಫಿಟ್ಟರನ್ನು ಕೇಳಿದರು.

ಐದು ವಾರ ಅವರು ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಹಳೆಯ ಪೈಪನ್ನು ಪೂರ್ತಿ ಕಿತ್ತೆವು. ಹೊಸ ಜಾಯಿಂಟಿಗೆ ಬೆಂಕಿ ತಾಗಿಸುವ ಮೊದಲು ಪೈಪಿನೊಳಗೆ ಆರ್ಗಾನ್ ಅನಿಲ ತುಂಬಿಸಿ ಅವರು ಕಾಯುತ್ತಿದ್ದರು. ಒಳಗಿನ ಗಾಳಿಯೆಲ್ಲ ಹೋದರೆ ಲೋಹದ ಬಣ್ಣ ತಿರುಗುವುದು ಕಡಿಮೆ. ನಾನು ಅವಸರ ಮಾಡಲಿಲ್ಲ. ಪ್ರತಿ ಜಾಯಿಂಟಿನ ಒಳಮೈಗೆ ಆಮ್ಲದ ಪೇಸ್ಟ್ ಹಚ್ಚಿ, ತೊಳೆದು, ಉಳಿದ ಬಣ್ಣವನ್ನೂ ತೆಗೆಸಿದೆವು. ಪರೀಕ್ಷೆಗೆ ಬೋರ್ ನೀರಿನ ಬದಲು ಒಂದು ಟ್ಯಾಂಕರ್ ಸಿಹಿನೀರು ತರಿಸಿದೆ. ಮುಳ್ಳು ಒಂದು ಗಂಟೆ ನಿಂತಿತು. ಫಿಟ್ಟರ್ ನನ್ನತ್ತ ನೋಡುವ ಮೊದಲೇ "ಬಿಡು" ಎಂದೆ. ಆಸ್ಪತ್ರೆಯ ಲಾಂಡ್ರಿಯ ತೊಟ್ಟಿಗೆ ಮೊದಲೇ ಒಂದು ಹೋಸ್ ಎಳೆಸಿದ್ದೆ, ನೀರು ಅಲ್ಲಿಗೆ ಹೋಯಿತು. ಕಂಪ್ರೆಸರಿನಿಂದ ಸಂಜೆಯವರೆಗೆ ಬಿಸಿಗಾಳಿ ಊದಿಸಿದೆವು. ಒಳಗೆ ಬಿಳಿಯ ಬಟ್ಟೆ ಎಳೆದು ನೋಡಿದೆ. ಬಟ್ಟೆ ಒಣಗಿಯೇ ಹೊರಗೆ ಬಂತು.

ಆರನೆಯ ವಾರದ ಕೊನೆಗೆ ಪ್ಲಾಂಟು ಮತ್ತೆ ಶುರುವಾಯಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹದಿನೈದು ದಿನ ಪ್ರತಿ ಬೆಳಿಗ್ಗೆ ಜಾಯಿಂಟುಗಳ ಅಡಿಯಲ್ಲಿ ಕೈ ಸವರುತ್ತಾ ನಡೆದೆ. ಎಲ್ಲೂ ಹನಿ ಸಿಗಲಿಲ್ಲ. ಹದಿನಾರನೆಯ ದಿನ ಆಸ್ಪತ್ರೆಯ ಎಂಜಿನಿಯರ್ ಕಾಗದಕ್ಕೆ ಸಹಿ ಹಾಕಿದರು. ನನ್ನ ಸಾಮಾನುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೆ. ಮುಂದಿನ ವಾರದಿಂದ ಎಗ್ಮೋರಿನ ಆಫೀಸಿನಲ್ಲಿ ಕೂರಬೇಕು, ಬೇರೆಯವರ ಸೈಟಿನ ಕಾಗದ ನೋಡಬೇಕು. ಮತ್ತೆ ಒಂದು ಸೈಟು ನನ್ನ ಕೈಗೆ ಬಂದದ್ದು ಮೂರು ವರ್ಷಗಳ ನಂತರ.

ಅಷ್ಟರಲ್ಲಿ ವೆಲ್ಡರ್ ಬಂದರು. ಒಗೆದ ಶರ್ಟು ಹಾಕಿದ್ದರು, ಕೈಯಲ್ಲಿ ಉಪಕರಣಗಳಿರಲಿಲ್ಲ.

"ಸಾರ್, ಗೇಟಿನ ಮೇಲಿನ ಆ ಕಾಗದ ನಾನು ತೆಗೆದುಕೊಂಡು ಹೋಗಬಹುದಾ? ಮಗಳ ಮನೆಯಲ್ಲಿ ತೋರಿಸಬೇಕು."

ಇಬ್ಬರೂ ಗೇಟಿಗೆ ನಡೆದೆವು. ಬಿಸಿಲಿಗೆ ಹಾಳೆ ಹಳದಿಯಾಗಿತ್ತು, ಅಕ್ಷರ ಮಾತ್ರ ಓದುವಂತಿತ್ತು. ಅವರು ನಾಲ್ಕೂ ಪಿನ್ನುಗಳನ್ನು ಉಗುರಿನಿಂದ ಒಂದೊಂದಾಗಿ ಬಿಡಿಸಿ ಹಾಳೆಯನ್ನು ಹರಿಯದಂತೆ ಇಳಿಸಿದರು.

"ಇದು ನಿಮ್ಮ ಕೈಬರಹ ಅಲ್ಲ," ಎಂದರು.

"ನನಗೆ ತಮಿಳು ಬರೆಯಲು ಬರುವುದಿಲ್ಲ. ನನ್ನ ಹೆಂಡತಿ ಬರೆದದ್ದು."

ಅವರು ಹಾಳೆಯನ್ನೇ ನೋಡುತ್ತಿದ್ದರು. "ಹಾಗಾದರೆ ಅಮ್ಮನವರಿಗೆ ಎಲ್ಲ ಗೊತ್ತಾ?"

"ಎಲ್ಲ ಗೊತ್ತು. ಒಂದೊಂದು ಸಾಲೂ ನಾನು ಹೇಳಿದೆ, ಅವಳು ಬರೆದಳು."

ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಶರ್ಟಿನ ಜೇಬಿಗೆ ಹಾಕಿಕೊಂಡು, ಮೇಲಿಂದ ಅಂಗೈಯಲ್ಲಿ ಒತ್ತಿಕೊಂಡರು. ಆಮೇಲೆ, ಅಷ್ಟು ತಿಂಗಳಲ್ಲಿ ಮೊದಲ ಬಾರಿಗೆ, "ಒಂದು ಟೀ ಕುಡಿಯೋಣ ಬನ್ನಿ ಸಾರ್," ಎಂದು ರಸ್ತೆ ದಾಟತೊಡಗಿದರು.